ಅರ್ಥಿಂಗ್

ಮುಸ್ತಫಾ ಅದನ್ನು ತಕ್ಕಡಿಗೆ ಹಾಕಿದ.
ಮೂರು ಕಿಲೋ ಎಂಟುನೂರು.
"ಮರಕ್ಕೆ ರೇಟಿಲ್ಲ, ಒಳಗಿನ ಕಬ್ಬಿಣದ್ದು ಕೊಡು."
ಒಳಗೆ ಕಬ್ಬಿಣ ಎಷ್ಟೆಂದು ಇಬ್ಬರಿಗೂ ಗೊತ್ತಿರಲಿಲ್ಲ.
ನೂರನಲವತ್ತಕ್ಕೆ ಮಾತು ಮುಗಿಯಿತು.
ನೇವಿ ಕ್ವಾರ್ಟರ್ಸಿನ ಯಾರೋ ವರ್ಗವಾಗಿ ಹೋಗುವಾಗ
ಒಡೆದ ಕಮೋಡಿನ ಜೊತೆ ಬಿಟ್ಟುಹೋದ
ತಂತಿಯಿಲ್ಲದ ಕೆಂಪು ಗಿಟಾರು.

ನಾನು ಮೋಟಾರು ಸುತ್ತುವವಳು.
ಕೋಡಿಬಾಗ ರಸ್ತೆ, ಪೆಡ್ನೇಕರ್ ವೈಂಡಿಂಗ್ ವರ್ಕ್ಸ್.
ಸುಟ್ಟ ಮಿಕ್ಸಿ, ಸುಟ್ಟ ಪಂಪು, ಟ್ರಾಲರಿನ ಸುಟ್ಟ ಡೈನಮೊ,
ಹನ್ನೊಂದು ವರ್ಷದಿಂದ ವಾರ್ನಿಶ್ ವಾಸನೆಯೇ ನನ್ನ ಸೆಂಟು.
ಸ ಎಲ್ಲಿ, ರಿ ಎಲ್ಲಿ, ಯಾರಿಗೆ ಗೊತ್ತು.
ಆದರೆ ಎದೆಯ ಸ್ಕ್ರೂ ಬಿಚ್ಚಿದಾಗ
ಸಿಕ್ಕಿದ್ದು ನನ್ನದೇ ಕಸುಬು:
ಒಂದು ಅಯಸ್ಕಾಂತ, ಸುತ್ತ ತಾಮ್ರ,
ಉಪ್ಪುಗಾಳಿಗೆ ಹಸಿರಾಗಿ, ಎಲ್ಲೋ ಕಡಿದು.
ಮೀಟರ್ ಹಿಡಿದೆ. ಮುಳ್ಳು ಮಲಗಿಯೇ ಇತ್ತು.

ಇಷ್ಟು ಸಪೂರ ತಂತಿ ನಮ್ಮ ಅಂಗಡಿಯಲ್ಲಿಲ್ಲ.
ತರಿಸಿದರೆ ರೀಲಿಗೆ ಒಂದೂವರೆ ಸಾವಿರ.
ಬೈತಖೋಲದ ಧಕ್ಕೆಯಲ್ಲಿ, ಮುಳುಗಿ ಎದ್ದ ಬೋಟಿನ
ರಿಲೇ ಒಂದು ಪುಕ್ಕಟೆ ಸಿಕ್ಕಿತು.
ಕೂದಲಿಗಿಂತ ಸಣ್ಣ. ಸೀನಿದರೆ ತುಂಡು.
ಬಿಚ್ಚಿದೆ, ಸುತ್ತಿದೆ, ನೂರು ಸುತ್ತಿಗೊಂದು
ಹಸಿ ಗೇರುಬೀಜ ತೆಗೆದಿಟ್ಟೆ.
ಅರವತ್ತೆರಡು ಬೀಜವಾದಾಗ
ಪೆಡ್ನೇಕರರ ಮೊಮ್ಮಗ ನಾಲ್ಕನ್ನು ಎತ್ತಿಕೊಂಡು
ಸುಟ್ಟು ತಿನ್ನಲು ಓಡಿದ.
ಆ ನಾನೂರು ಸುತ್ತು ಲೆಕ್ಕದಲ್ಲಿಲ್ಲ.
ಒಳಗಿವೆ.

ತಂತಿ ಕೊಳ್ಳುವ ಮೊದಲು, ನನ್ನದು ಬಡತನದ ಬುದ್ಧಿ,
ಗಾಳದ ತಂಗೂಸು ಕಟ್ಟಿ ನೋಡಿದೆ.
ಬಿಗಿದೆ. ಮೀಟಿದೆ. ಚೆನ್ನಾಗಿಯೇ ನಡುಗಿತು.
ಸ್ಪೀಕರಿನಲ್ಲಿ ಏನೂ ಇಲ್ಲ.
ಕಬ್ಬಿಣವಲ್ಲದ್ದು ಎಷ್ಟು ಬಡಿದುಕೊಂಡರೂ
ಅಯಸ್ಕಾಂತಕ್ಕೆ ಕೇಳುವುದಿಲ್ಲ.
ಇದು ನನಗೆ ಹೊಸ ವಿಷಯವೇನಲ್ಲ,
ಆದರೂ ಸ್ವಲ್ಪ ಹೊತ್ತು ಸುಮ್ಮನೆ ಕೂತೆ.

ಭಾನುವಾರ ಪ್ಯಾಸೆಂಜರ್ ಹತ್ತಿ ಮಡಗಾಂವ.
ತಂತಿಗೆ ಮುನ್ನೂರೆಂಬತ್ತು, ರೈಲಿಗೆ ಅರವತ್ತು,
ಪಾಲಿಶ್ ಕಾಗದ, ಗೋಂದು ನಲವತ್ತು.
ತಂತಿ ಕೂರುವ ಮೆಟ್ಟಿಲು
ನನ್ನ ಹಳೇ ಹಲ್ಲುಜ್ಜುವ ಬ್ರಶ್ಶಿನ ಹಿಡಿ.
ಸದ್ದು ಏರಿಸುವ ಗುಬುಟು
ಶೆವಂತಿಬಾಯಿಯ ಮಿಕ್ಸಿಯದ್ದು, ಸದ್ಯಕ್ಕೆ.
ಒಟ್ಟು ಆರುನೂರ ಇಪ್ಪತ್ತು,
ಮಿಕ್ಸಿ ಕಾದ ಎರಡು ದಿನ ಬೇರೆ.

ಸಂಜೆ ಟೇಪ್ ರೆಕಾರ್ಡರಿಗೆ ಸಿಕ್ಕಿಸಿದೆ.
ಗುಂಯ್.
ನನಗೆ ಗೊತ್ತಿರುವ ಒಂದೇ ಶ್ರುತಿ ಇದು.
ಕದ್ರಾದ ನೀರೋ ಕೈಗಾದ ಬೆಂಕಿಯೋ
ಕಂಬದಿಂದ ಕಂಬಕ್ಕೆ ದಾಟಿ ಬಂದು
ಊರಿನ ಗೋಡೆಗೋಡೆಯಲ್ಲೂ ಗುನುಗುವುದು.
ತಂತಿಯ ಮೇಲೆ ಕೈಯಿಟ್ಟೆ, ನಿಂತಿತು.
ತೆಗೆದೆ, ಗುಂಯ್.
ಇಟ್ಟೆ. ನಿಂತಿತು.

"ಇದಕ್ಕೆ ಅರ್ಥ್ ಸಿಕ್ಕಿಲ್ಲ" ಎಂದೆ.
ಪೆಡ್ನೇಕರ್ ಚಹಾದ ಲೋಟದಿಂದ ಮುಖ ಎತ್ತಲಿಲ್ಲ.
"ಅದಕ್ಕೆ ಸಿಕ್ಕಿದೆ. ಸಿಗದಿದ್ದದ್ದು ನಿನಗೆ.
ಗೋಡೆಯ ಕರೆಂಟನ್ನೆಲ್ಲ ಮೈ ಹಿಡಿದುಕೊಂಡಿರುತ್ತದೆ.
ಅದು ಕೇಳಿಸಿಕೊಂಡು ಹೇಳುತ್ತಿದೆ ಅಷ್ಟೆ.
ಮುಟ್ಟಿದಾಗ ನಿನಗೆ ನೆಲ ಸಿಗುತ್ತದೆ."
ಮತ್ತೆ ಚಹಾ ಹೀರಿದರು.

ಹಾಗಾದರೆ ಇಷ್ಟು ವರ್ಷ
ಗುಂಯ್ ಅನ್ನುತ್ತಿದ್ದದ್ದು ನಾನು.

ಕೊರಳನ್ನು ಬೆಳಕಿಗೆ ಹಿಡಿದೆ.
ಮೊದಲ ಮೂರು ಮನೆಯಲ್ಲಿ ಹಿತ್ತಾಳೆ ಸವೆದು ಗುಳಿಬಿದ್ದಿದೆ.
ನಾಲ್ಕನೆಯದರಿಂದಾಚೆ ಹೊಸತರ ಹಾಗೆ.
ಆ ನೇವಿಯವನು ಕಲಿತದ್ದು ಅಷ್ಟೇ ಇರಬೇಕು.
ಅಷ್ಟನ್ನೇ ಎಷ್ಟು ಸಲ!
ನಾಲ್ಕರಲ್ಲಿ ಬೆರಳು ಒತ್ತಿ ಬಾರಿಸಿದೆ,
ಸ್ವರವೋ ಅಪಸ್ವರವೋ, ಕಪಾಟಿನ ಗಾಜು ನಡುಗಿ
ಬೀದಿನಾಯಿ ಎದ್ದು ಕೂತಿತು.

ಹೊಸಿಲಲ್ಲಿ ಶೆವಂತಿಬಾಯಿ, ಮೀನಿನ ಚೀಲ ಹಿಡಿದು.
"ಕಿತೆಂ ಗೋ ಹೆಂ?
ನನ್ನ ಮಿಕ್ಸಿಯದ್ದಾ ಈ ಸದ್ದು?"

ಗುಬುಟು ಮಾತ್ರ, ಎಂದೆ.